ಟ್ರ್ಯಾಕ್ 01

ಅಪ್ಪನ ಸಿಡಿಗಳು ಇನ್ನೂರು ಚಿಲ್ಲರೆ. ಎಲ್ಲಾ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿದ್ದವು. ನನ್ನ ಲ್ಯಾಪ್‌ಟಾಪಿಗೆ ಸಿಡಿ ನುಂಗುವ ಬಾಯೇ ಇಲ್ಲ. ಹೊರಗಿನಿಂದ ಸಿಕ್ಕಿಸುವ ಡ್ರೈವ್ ಒಂದನ್ನು ತಂದು, ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಲೆಂದೇ ಮಳೆಗಾಲದ ಭಾನುವಾರಗಳನ್ನಿಟ್ಟೆ.

"ಎಂಪಿ3 ಮಾಡ್ಕೊಂಡು ಸುಮ್ನಿರು" ಅಂದ ತಮ್ಮ. ಎಂಪಿ3 ಅಂದರೆ ಕಿವಿಗೆ ಗೊತ್ತಾಗುವುದಿಲ್ಲ ಅನಿಸಿದ್ದನ್ನೆಲ್ಲ ಕತ್ತರಿಸಿ ಬಿಸಾಡುವ ವಿದ್ಯೆ. ನನಗೆ ಬೇಕಾಗಿದ್ದು ಫ್ಲ್ಯಾಕ್, ಏನನ್ನೂ ಬಿಸಾಡದೆ ಹಾಡನ್ನು ಕುಗ್ಗಿಸಿಡುವ ಇನ್ನೊಂದು ಬಗೆಯ ಫೈಲು. 2001ರಲ್ಲಿ ಬಂದದ್ದು, ಪುಕ್ಕಟೆ. ರಗ್ಗು ಮಡಿಸಿಟ್ಟ ಹಾಗೆ ಅದು. ಜಾಗ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ, ಬಿಡಿಸಿದರೆ ಒಂದೆಳೆಯೂ ಕಮ್ಮಿಯಿರುವುದಿಲ್ಲ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಅಳೆದಿಟ್ಟ ದನಿ ಅಷ್ಟಕ್ಕಷ್ಟೂ ವಾಪಸು. ನಿಜ ಹೇಳಬೇಕೆಂದರೆ, ಎರಡನ್ನೂ ಕೇಳಿಸಿ ಯಾವುದು ಯಾವುದು ಅಂತ ಕೇಳಿದರೆ ನಾನೇ ತಪ್ಪುತ್ತೇನೆ. ಆದರೂ ಹಾಲಿದ್ದರೆ ಮಜ್ಜಿಗೆ ಮಾಡಬಹುದು. ಮಜ್ಜಿಗೆಯಿಂದ ಹಾಲು ಬಂದೀತೇ?

ಗೀರು ಬಿದ್ದ ಸಿಡಿ ಬಂದರೆ ತಂತ್ರಾಂಶ ಅದೇ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಡ್ರೈವ್ ಗುಂಯ್ ಅನ್ನುತ್ತ ಮುಕ್ಕಾಲು ಗಂಟೆ ತಿಣುಕುತ್ತದೆ. ಆಗ ಹಳೇ ಬನಿಯನ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ತಟ್ಟೆ ಒರೆಸಿದ ಹಾಗೆ ಸುತ್ತ ಒರೆಸಿದರೆ, ಗೀರಾದಾಗ ಅದು ಹಾಡಿನ ದಾರಿಯುದ್ದಕ್ಕೂ ಸಾಗುತ್ತದೆ. ಇನ್ನೊಂದು ವಿಷಯ ಈಗ ತಿಳಿಯಿತು. ನಾವು ಜೋಪಾನ ಮಾಡಿದ್ದೆಲ್ಲ ಹೊಳೆಯುವ ಬದಿಯನ್ನು. ಹಾಡು ಕೂತಿರುವುದು ಹೆಸರು ಬರೆಯುವ ಬದಿಗೇ ಹತ್ತಿರ, ತೆಳ್ಳನೆಯ ಪದರದ ಕೆಳಗೆ. ಅಪ್ಪ ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದದ್ದು ಅಲ್ಲೇ!

ಯಂತ್ರದ ಕೆಲಸ ಮುಗಿದ ಮೇಲೆ ಶುರು ನೋಡಿ, ಹೆಸರಿನ ಗೋಳು. ಅಪ್ಪನಿಗೆ ಧಾರವಾಡದ ಹಿಂದೂಸ್ತಾನಿ ಗಾಯನವೂ ಬೇಕು, ಮೈಸೂರಿನ ವೀಣೆಯೂ ಬೇಕು. ರಾಗದ ಹೆಸರು ಹಿಡಿದು ಜೋಡಿಸಿದರೆ ಎರಡೂ ಕಡೆಯ ಭೈರವಿಗಳು ಒಂದೇ ಫೋಲ್ಡರಿನಲ್ಲಿ ಬಂದು ಕೂತವು. ಒಂದೇ ಹೆಸರು, ಸಂಬಂಧವೇ ಬೇರೆ. ಹಿಂದೂಸ್ತಾನಿ ಭೈರವಿಯ ನಂಟು ನಮ್ಮ ಕರ್ನಾಟಕ ಸಂಗೀತದ ತೋಡಿ ರಾಗದ ಜೊತೆ. ಕಂಪ್ಯೂಟರಿಗೆ ಇದನ್ನೆಲ್ಲ ಯಾರು ಹೇಳಬೇಕು?

ಅದಕ್ಕಿಂತ ಕಷ್ಟ ಕ್ಯಾಸೆಟ್ಟಿನಿಂದ ಅಂಗಡಿಯಲ್ಲಿ ಬರೆಸಿಕೊಂಡ ಸಿಡಿಗಳದ್ದು. ಟ್ರ್ಯಾಕ್ 01, ಟ್ರ್ಯಾಕ್ 02, ಅಷ್ಟೇ. ಹಾಡಿದವರು ಯಾರೋ, ರಾಗ ಯಾವುದೋ. ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಇದು ನಿಮ್ಮಪ್ಪ ಸ್ಕೂಟರ್ ತಂದ ದಿನ ಹಾಕಿದ್ದು."

"ಅದಲ್ಲಮ್ಮ, ರಾಗ ಯಾವ್ದು?"

"ರಾಗ ಗೀಗ ನಂಗೊತ್ತಿಲ್ಲಪ್ಪ. ಅವತ್ತು ಕರೆಂಟ್ ಹೋಗಿ ಅರ್ಧಕ್ಕೇ ನಿಂತಿತ್ತು."

ಹಾಗೇ ಬರೆದುಕೊಂಡೆ: ‘ಸ್ಕೂಟರ್ ತಂದ ದಿನ, ಕರೆಂಟ್ ಹೋದದ್ದು’. ಟ್ರ್ಯಾಕ್ 02 ಶುರುವಾಯಿತು. ಅಮ್ಮ ಚಾಕು ಕೆಳಗಿಟ್ಟು ಒಂದು ನಿಮಿಷ ಸುಮ್ಮನಿದ್ದಳು.

"ಇದಕ್ಕೆ ಹೆಸರು ಆಮೇಲೆ ಹೇಳ್ತೀನಿ, ಪೂರ್ತಿ ಹಾಕು" ಅಂದಳು.