ಒಬ್ಬರನ್ನು ಇನ್ನೊಬ್ಬರೆಂದುಕೊಳ್ಳುವ ಎಡವಟ್ಟು: ‘ಟಾಪ್ ಹ್ಯಾಟ್’ಗೆ ಅದು ಬೇಕಿತ್ತಾ?

ಪರ

1935ರ ಈ ಹಾಲಿವುಡ್ ಸಿನಿಮಾದಲ್ಲಿ ಎಡವಟ್ಟು ಶುರುವಾಗುವುದು ಒಂದು ಬ್ರೀಫ್‌ಕೇಸ್, ಒಂದು ಬೆತ್ತದಿಂದ. ಲಂಡನ್ ಹೋಟೆಲಿನಲ್ಲಿ ನಾಯಕಿ ಡೇಲ್ (ಜಿಂಜರ್ ರೋಜರ್ಸ್) ತನ್ನ ಗೆಳತಿ ಮ್ಯಾಜ್‌ಳ ಗಂಡ ಹೊರೇಸ್ ಯಾರೆಂದು ವಿಚಾರಿಸುತ್ತಾಳೆ. ಮೇಲೆ ಬ್ರೀಫ್‌ಕೇಸ್, ಬೆತ್ತ ಹಿಡಿದು ನಿಂತಿದ್ದಾರಲ್ಲ, ಅವರೇ ಎನ್ನುತ್ತಾರೆ ಹೋಟೆಲಿನವರು. ಅಷ್ಟರಲ್ಲಿ ಹೊರೇಸ್ ಅವೆರಡನ್ನೂ ನಾಯಕ ಜೆರ್ರಿಯ (ಫ್ರೆಡ್ ಅಸ್ಟೇರ್) ಕೈಗೆ ಕೊಟ್ಟು ಹೋಗಿರುತ್ತಾನೆ. ಡೇಲ್ ಕಣ್ಣಿಗೆ ಬೀಳುವುದು ಜೆರ್ರಿ, ಅವಳು ಆಗಲೇ ಮನಸ್ಸು ಕೊಟ್ಟವನು! ಅವನೇ ಗೆಳತಿಯ ಗಂಡ ಅಂದುಕೊಳ್ಳುತ್ತಾಳೆ.

ಹಾಡು-ಕುಣಿತದ ಸಿನಿಮಾಕ್ಕೆ ಇಂಥ ಗಂಟು ಬೇಕೇ ಬೇಕು. ಬಾಯಿ ಬಿಟ್ಟು ಹೇಳಲಾಗದ್ದು ಇದ್ದಾಗಲೇ ಕಾಲು ಮಾತಾಡುತ್ತದೆ. ವೆನಿಸ್‌ನಲ್ಲಿ ಮ್ಯಾಜ್ ತಾನೇ ಇಬ್ಬರನ್ನೂ ಕುಣಿಯಲು ಕಳಿಸಿ, ಇನ್ನೂ ಹತ್ತಿರ ಹತ್ತಿರ ಎಂದು ಕೈಸನ್ನೆ ಮಾಡುತ್ತಾಳೆ. ತನ್ನ ಗಂಡನನ್ನೇ ಹೀಗೆ ಬಿಟ್ಟುಕೊಡುತ್ತಿದ್ದಾಳಲ್ಲ ಎಂದು ಡೇಲ್ ಕಕ್ಕಾಬಿಕ್ಕಿ. ಆಮೇಲೆ ಬರುವ ‘ಚೀಕ್ ಟು ಚೀಕ್’ ಕುಣಿತದಲ್ಲಿ ಜಿಂಜರ್ ರೋಜರ್ಸ್ ಮುಖ ನೋಡಿ. ಆಸೆ, ಅಳುಕು ಎರಡೂ ಒಟ್ಟಿಗೇ ಇವೆ. ಆ ತಪ್ಪು ತಿಳಿವಳಿಕೆ ಇಲ್ಲದಿದ್ದರೆ ಅದು ಸುಮ್ನೆ ಒಂದು ಚಂದದ ಕುಣಿತ ಆಗುತ್ತಿತ್ತು, ಅಷ್ಟೇ.

ವಿರೋಧ

ನಮ್ಮ ಕಡೆ ಮದುವೆ ಊಟಕ್ಕೆ ಕೂತರೆ ಎಲೆಗೆ ಉಪ್ಪು ಬೀಳುವ ಮೊದಲೇ ಪಕ್ಕದವರ ಹೆಸರು, ಊರು ಗೊತ್ತಾಗಿರುತ್ತದೆ. ಇಲ್ಲಿ ಪ್ರೀತಿಸುವ ಹುಡುಗಿಗೆ ಹುಡುಗನ ಹೆಸರೇ ಗೊತ್ತಿಲ್ಲ. ಅವಳು ಕೆನ್ನೆಗೆ ಬಾರಿಸಿದಾಗಲೂ ಅವನಿಗೆ ಕಾರಣ ಹೇಳುವವರಿಲ್ಲ. ಒಂದು ಮಾತಿನಲ್ಲಿ ಬಗೆಹರಿಯುವುದನ್ನು ಕೊನೆಯವರೆಗೂ ಎಳೆಯುತ್ತಾರೆ. ಹಿಂದಿನ ವರ್ಷವಷ್ಟೇ, 1934ರ ‘ದಿ ಗೇ ಡಿವೋರ್ಸಿ’ಯಲ್ಲಿ, ಇದೇ ಜೋಡಿ, ಇದೇ ನಿರ್ದೇಶಕ ಮಾರ್ಕ್ ಸ್ಯಾಂಡ್ರಿಚ್ ಇಂಥದ್ದೇ ಗಂಟು ಹಾಕಿದ್ದರು.

ನನಗೆ ಜಾಸ್ತಿ ನೋವಾಗುವುದು ಡೇಲ್ ಬಗ್ಗೆ. ಎಡವಟ್ಟಿನ ಭಾರ ಪೂರ್ತಿ ಅವಳ ತಲೆ ಮೇಲೆ. ಗೆಳತಿಗೆ ದ್ರೋಹ ಮಾಡಿದೆನೆಂದು ಕೊರಗುತ್ತಾಳೆ, ಬೇಸತ್ತು ದರ್ಜಿ ಬೆಡ್ಡೀನಿಯನ್ನು ಮದುವೆಯಾಗುತ್ತಾಳೆ. ಆ ಮದುವೆ ಮುರಿಯುವುದು ಹೇಗೆ? ಅದನ್ನು ಮಾಡಿಸಿದವನು ನಿಜವಾದ ಪಾದ್ರಿಯಲ್ಲ, ಪಾದ್ರಿಯ ವೇಷ ಹಾಕಿದ್ದವನು ಹೊರೇಸ್‌ನ ಆಳು ಬೇಟ್ಸ್ ಎಂದು ಗೊತ್ತಾಗಿ! ಒಂದು ಗೊಂದಲ ಬಿಡಿಸಲು ಇನ್ನೊಂದು ವೇಷ. ಅವಳ ಬಾಳಿನ ತೀರ್ಮಾನದಲ್ಲಿ ಅವಳ ಕೈಯೇ ಇಲ್ಲ.

ಮಳೆಯ ಕುಣಿತ ನೆನಪಿದೆ ಅಲ್ವಾ? ಪಾರ್ಕಿನ ಮಂಟಪದಲ್ಲಿ ಗುಡುಗಿಗೆ ಬೆದರುವ ಡೇಲ್, ಹಾಡುವ ಫ್ರೆಡ್ ಅಸ್ಟೇರ್. ಅವನ ಹೆಜ್ಜೆಯನ್ನು ಅವಳು ಅಣಕಿಸುತ್ತಾ ಅಣಕಿಸುತ್ತಾ ಸರಿಸಮವಾಗಿ ಕುಣಿಯುತ್ತಾಳೆ. ಆಗಿನ್ನೂ ಬ್ರೀಫ್‌ಕೇಸ್ ಕೈ ಬದಲಾಗಿರಲಿಲ್ಲ. ಕುಣಿತ ಮುಗಿದ ಮೇಲೆ ಇಬ್ಬರೂ ಕೂತು ಕೈ ಕುಲುಕುತ್ತಾರೆ. ಸಿನಿಮಾದಲ್ಲಿ ನನಗೆ ತೀರಾ ಇಷ್ಟವಾದದ್ದು ಅದೇ.