ಇಪ್ಪತ್ತು ಸಾವಿರ ಅಂದಿದ್ದು ಯಾವ ಇಪ್ಪತ್ತು ಸಾವಿರ?

ತಂಗಿಗೆ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು, ತಿಂಗಳಿಗೆ 20,000 ಅಂದಿದ್ದರು. ಅಪ್ಪ ತೀರ್ಥಹಳ್ಳಿ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ತಿಂಗಳ ಕೊನೆಗೆ ಖಾತೆಗೆ ಬಂದಿದ್ದು 16,408 ರೂಪಾಯಿ. ನಾನೇ ಏನೋ ತಪ್ಪು ಮಾಡಿದೆನಾ ಅಂತ ಪಾಪ, ಅತ್ತೇಬಿಟ್ಟಳು.

ರಾತ್ರಿ ಕೂತು ಪೇ ಸ್ಲಿಪ್ ಬಿಡಿಸಿ ನೋಡಿದೆವು. 20,000 ಅನ್ನೋದು ಸಂಬಳವೇ ಅಲ್ಲ, ಸಿಟಿಸಿ, ಅಂದರೆ ಅವಳನ್ನು ಇಟ್ಟುಕೊಳ್ಳಲು ಕಂಪನಿಗೆ ಆಗುವ ಒಟ್ಟು ಖರ್ಚು. ಬೇಸಿಕ್, ಅಂದರೆ ಮೂಲ ವೇತನ, 10,000. ಅದರಲ್ಲಿ ಶೇ. 12ರಂತೆ ಪಿಎಫ್‌ಗೆ (ಭವಿಷ್ಯ ನಿಧಿಗೆ) 1,200 ಹಿಡಿದಿದ್ದಾರೆ, ಸರಿ, ಅದು ಅವಳದೇ ಉಳಿತಾಯ. ಆದರೆ ಕಂಪನಿ ಕಟ್ಟುವ 1,200 ಕೂಡ ಆ 20,000ದ ಒಳಗೇ ಇದೆ! ಇಎಸ್‌ಐಗೆ, ಅಂದರೆ ನೌಕರರ ಆರೋಗ್ಯ ವಿಮೆಗೆ, ಕಂಪನಿಯ ಶೇ. 3.25 ಪಾಲೂ ಒಳಗೇ, ಅವಳ ಪಾಲು ಶೇ. 0.75 ಬೇರೆ ಹಿಡಿದಿದ್ದಾರೆ. ಮತ್ತೆ ಗ್ರಾಚ್ಯುಟಿ ಅಂತ 481, ಅದು ಸಾಮಾನ್ಯವಾಗಿ 5 ವರ್ಷ ದುಡಿದ ಮೇಲೆ ಸಿಗುವ ದುಡ್ಡು, ಅದನ್ನೂ ಈ ತಿಂಗಳ ಸಂಬಳ ಅಂತ ಎಣಿಸೋದಾ?

ಆಫೀಸಲ್ಲಿ ಕೇಳಿದರೆ ಎಲ್ಲ ಸ್ಲಿಪ್‌ನಲ್ಲೇ ಇದೆ ನೋಡಿ ಅಂದರಂತೆ. ಇದೆ, ‘ಇಇ ಪಿಎಫ್’, ‘ಇಆರ್ ಪಿಎಫ್’ ಅಂತ. ಇಇ ಅಂದರೆ ನೌಕರರ ಪಾಲು, ಇಆರ್ ಅಂದರೆ ಕಂಪನಿಯ ಪಾಲಂತೆ. ಹೊಸಬರಿಗೆ ಅದು ಹೇಗೆ ತಿಳಿಯಬೇಕು?

ನಮ್ಮ ತೋಟಕ್ಕೆ ಅಡಿಕೆ ಕೊನೆ ತೆಗೆಯಲು ಬರುವವರಿಗೆ ಕೂಲಿ ಮೊದಲೇ ಮಾತಾಗಿರುತ್ತದೆ. ಮುಂಗಡ ಮುರಿದುಕೊಂಡರೂ ಅವರ ಎದುರಿಗೇ ಲೆಕ್ಕ ಹೇಳುತ್ತೇವೆ. ಕೈಗೆ ಇಷ್ಟು ಬರುತ್ತದೆ ಅಂತ ಸೇರುವಾಗಲೇ ಕನ್ನಡದಲ್ಲಿ ಒಂದು ಸಾಲು ಬರೆದುಕೊಡಬಹುದಲ್ವಾ?

ಅಪ್ಪ ಇವತ್ತೂ ಕೇಳಿದರು, “ಉಳಿದ ದುಡ್ಡು ಯಾವಾಗ ಹಾಕ್ತಾರಂತೆ?”