ಒಂದು ಚಟ್ನಿಗೆ ಎಷ್ಟು ರೀಚಾರ್ಜ್?

ಭಾನುವಾರ ಬೆಳಿಗ್ಗೆ ಮಿಕ್ಸಿಯಲ್ಲಿ ಚಟ್ನಿ ಅರ್ಧ ಅರೆದಿತ್ತು. ಅಷ್ಟರಲ್ಲಿ ಕರೆಂಟ್ ಹೋಯ್ತು. ಪಕ್ಕದ ಬಿಲ್ಡಿಂಗಿನಲ್ಲಿ ಟಿವಿ ಜೋರಾಗಿ ಕೂಗುತ್ತಲೇ ಇತ್ತು. ಅಂದರೆ ಹೋಗಿದ್ದು ಕರೆಂಟಲ್ಲ, ನನ್ನ ಬ್ಯಾಲೆನ್ಸ್. ಹಲ್ಲಿಗೆ ಸಿಗುವ ಕಾಯಿ ಚೂರಿನ ಜೊತೆಗೇ ದೋಸೆ ನುಂಗಿ, ಓನರ್ ಅಂಕಲ್‌ಗೆ ಐನೂರು ರೂಪಾಯಿ ಕಳಿಸಿದೆ.

ಬೆಂಗಳೂರಿನಲ್ಲಿ ನಾನಿರುವ ಬಿಲ್ಡಿಂಗಿನಲ್ಲಿ ಎಂಟು ಬಾಡಿಗೆ ಮನೆಗಳಿವೆ. ಎಂಟಕ್ಕೂ ಸೇರಿ ಕೆಳಗೆ ಒಂದೇ ಮೀಟರ್. ಮೇಲೆ ಬಾಗಿಲಿಗೊಂದರಂತೆ ಅಂಕಲ್ ಹಾಕಿಸಿದ ಪ್ರೀಪೇಯ್ಡ್ ಸಬ್ ಮೀಟರ್. ಅದರಲ್ಲೊಂದು ಕೆಂಪು ಲೈಟು. 3200 ಸಲ ಮಿಣುಕಿದರೆ ಒಂದು ಯೂನಿಟ್ ಅಂತ ಅದರ ಮೇಲೇ ಬರೆದಿದೆ. ಗೀಸರ್ ಹಾಕಿದಾಗ ಅದು ಕಣ್ಣು ಹೊಡೆಯುವ ಅವಸರ ನೋಡಬೇಕು! ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ಕುಡಿಯುತ್ತದೆ. ನಮ್ಮಲ್ಲಿ ಯೂನಿಟ್ಟಿಗೆ 13 ರೂಪಾಯಿ. ಈಗ ನಾನು ಬಿಸಿನೀರಲ್ಲಿ ತಲೆಗೆ ಹಾಕಿಕೊಳ್ಳುವುದು ದೀಪಾವಳಿಗೆ ಮಾತ್ರ.

ಇಡೀ ರಾಜ್ಯಕ್ಕೆ ದರ ಗೊತ್ತು ಮಾಡುವುದು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಪಾಪ, ಅವರಿಗೆ ಎಷ್ಟೊಂದು ಕೆಲಸ. ಮನೆಮನೆಗೆ ಕರೆಂಟ್ ಕೊಡುವ ಎಸ್ಕಾಂ ಕಂಪನಿಗಳ ಅರ್ಜಿ ನೋಡಬೇಕು, ಜನರ ಆಕ್ಷೇಪಣೆ ಕೇಳಬೇಕು, ವಿಚಾರಣೆ ನಡೆಸಬೇಕು. ಅಷ್ಟೆಲ್ಲ ಮಾಡಿ 2025ರ ಏಪ್ರಿಲ್‌ನಿಂದ ಮನೆಗಳಿಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಅಂದರು. ಫಿಕ್ಸೆಡ್ ಚಾರ್ಜು, ಟ್ಯಾಕ್ಸು ಬೇರೆ. ನಮ್ಮ ಬಿಲ್ಡಿಂಗಿನಲ್ಲಿ ಈ ತಾಪತ್ರಯ ಇಲ್ಲ. ಅಂಕಲ್ ಟೆರೇಸಿನಲ್ಲಿ ತುಳಸಿಗೆ ನೀರು ಹಾಕುತ್ತಾ ದರ ತೀರ್ಮಾನ ಮಾಡುತ್ತಾರೆ. ಆದೇಶ ವಾಟ್ಸಾಪಿಗೆ ಬರುತ್ತದೆ. ಆಕ್ಷೇಪಣೆ ಇದ್ದವರು ಹೇಳಬಹುದಿತ್ತು, ಆದರೆ ಆ ಗ್ರೂಪಿನಲ್ಲಿ ಅಡ್ಮಿನ್ ಒಬ್ಬರೇ ಮೆಸೇಜ್ ಹಾಕಬಹುದು.

1905ರಲ್ಲಿ ಶಿವನಸಮುದ್ರದಿಂದ ತಂತಿ ಹಿಡಿದು ಬಂದ ಕರೆಂಟು ಬೆಂಗಳೂರಿನ ಬೀದಿದೀಪ ಹತ್ತಿಸಿತ್ತು. ಅಷ್ಟು ದೂರ ಬಂದಿದ್ದಕ್ಕೆ ಅದು ಏನು ಕೇಳಿತ್ತೋ. ಈಗ ಕೆಳಗಿನ ಮೀಟರಿನಿಂದ ಎರಡನೇ ಮಹಡಿ ಹತ್ತುವುದರಲ್ಲೇ ಅದರ ಬೆಲೆ ಎರಡರಷ್ಟು ಆಗುತ್ತದೆ.

ಯುಗಾದಿಗೆ ಊರಿಗೆ ಹೋಗಿದ್ದೆ. ಮೇನ್ ಸ್ವಿಚ್ ಆಫ್ ಮಾಡಿಯೇ ಹೋಗಿದ್ದೆ. ಹತ್ತು ದಿನ ಬಿಟ್ಟು ಬಂದರೆ ತೊಂಬತ್ತು ರೂಪಾಯಿ ಕಟ್!

"ಅದು ಕಾಮನ್ ಚಾರ್ಜಪ್ಪ. ಮೋಟರು, ಮೆಟ್ಟಿಲ ಲೈಟು, ಸಿಸಿ ಕ್ಯಾಮೆರಾ..."

"ಕ್ಯಾಮೆರಾ ಕೆಟ್ಟು ಮೂರು ತಿಂಗಳಾಯ್ತಲ್ವಾ ಅಂಕಲ್?"

"ರಿಪೇರಿಗೂ ದುಡ್ಡು ಬೇಕಲ್ಲಪ್ಪ."

ಲೈಸೆನ್ಸ್ ಇಲ್ಲದೆ ಕರೆಂಟ್ ಮಾರೋ ಹಾಗಿಲ್ಲ, 2003ರ ವಿದ್ಯುತ್ ಕಾಯ್ದೆ ಇದೆ ಅಂತ ಒಂದು ದಿನ ಧೈರ್ಯ ಮಾಡಿ ಹೇಳಿಯೇಬಿಟ್ಟೆ. ಅಂಕಲ್‌ಗೆ ನಿಜಕ್ಕೂ ಬೇಜಾರಾಯಿತು. "ಯಾರು ಮಾರ್ತಾರಪ್ಪ? ನೀವೆಲ್ಲ ಮನೆ ಮಕ್ಕಳ ಥರ. ಸುಮ್ನೆ ಹಂಚ್ಕೊಳ್ತಾ ಇದ್ದೀವಿ ಅಷ್ಟೆ." ಮನೆ ಮಕ್ಕಳಿಂದ ಹತ್ತು ತಿಂಗಳ ಅಡ್ವಾನ್ಸ್ ಯಾಕೆ ಅಂತ ಕೇಳುವುದು ನನಗೆ ಆಗ ಹೊಳೆಯಲಿಲ್ಲ.

2023ರಲ್ಲಿ ಗೃಹಜ್ಯೋತಿ ಬಂದಾಗ ನಾನೂ ಖುಷಿಪಟ್ಟಿದ್ದೆ. 200 ಯೂನಿಟ್‌ವರೆಗೆ ಫ್ರೀ, ಬಾಡಿಗೆಯವರಿಗೂ ಉಂಟು. ಆದರೆ ಅರ್ಜಿ ಹಾಕಲು ಮನೆಗೊಂದು ಆರ್‌ಆರ್ ನಂಬರ್, ಅಂದರೆ ಎಸ್ಕಾಂ ಕೊಡುವ ಕನೆಕ್ಷನ್ ನಂಬರ್ ಬೇಕು. ನನ್ನ ಮೀಟರಿಗೆ ಇರುವ ನಂಬರ್ ಅಂದರೆ ಅಂಕಲ್ ಮಾರ್ಕರಿನಲ್ಲಿ ಬರೆದ 'ಎಸ್-2'. ಅದನ್ನು ಯಾವ ಸರ್ಕಾರವೂ ಒಪ್ಪುವುದಿಲ್ಲ.

ಅಂಕಲ್ ಇರುವ ಗ್ರೌಂಡ್ ಫ್ಲೋರಿಗೆ ಮಾತ್ರ ಬೇರೆ ಮೀಟರಿದೆ, ಬೇರೆ ಆರ್‌ಆರ್ ನಂಬರಿದೆ. ಮೊನ್ನೆ ಬಾಡಿಗೆ ಕೊಡಲು ಹೋದಾಗ ಫ್ರಿಡ್ಜಿನ ಮೇಲೆ ಅಂಟಿಸಿದ ಬಿಲ್ ತೋರಿಸಿದರು. ಕಟ್ಟಬೇಕಾದ ಮೊತ್ತ ಸೊನ್ನೆ.

"ನೋಡು, ನಾವು ಗಂಡ ಹೆಂಡತಿ ಇಬ್ಬರಿದ್ದೂ ಝೀರೋ ಬಿಲ್ಲು. ನೀನೊಬ್ಬನೇ ಇದ್ದು ತಿಂಗಳಿಗೆ ಸಾವಿರ ರೂಪಾಯಿ ಉರಿಸ್ತೀಯ. ಸ್ವಲ್ಪ ಕರೆಂಟ್ ಉಳಿಸೋದು ಕಲಿಯಪ್ಪ."